ದೂರದ ಹಾಸ್ಟೆಲ್ ಹಿಡಿಯುವ ಮುಂಚೆ, ಹಿಡಿದ ಮೇಲೆ

ಕಾಲೇಜಿನ ನಾಲ್ಕು ವರ್ಷದಲ್ಲಿ ಮೂರು ವರ್ಷ ನಾನಿದ್ದದ್ದು ಕ್ಯಾಂಪಸ್‌ನಿಂದ ಆರು ಕಿಲೋಮೀಟರ್ ದೂರದ ಹಾಸ್ಟೆಲಿನಲ್ಲಿ. ಕೊನೆಯ ವರ್ಷ ಕಾಲೇಜಿನ ಗೇಟಿನ ಎದುರಿಗೇ ರೂಮ್ ಸಿಕ್ಕಿತು. ತಮಾಷೆ ನೋಡಿ, ಆ ಮೂರು ವರ್ಷಕ್ಕಿಂತ ಜಾಸ್ತಿ ಸಲ ಈ ಒಂದೇ ವರ್ಷದಲ್ಲಿ ಮೊದಲ ಕ್ಲಾಸಿಗೆ ತಡವಾಗಿ ಹೋದೆ. ಬಸ್ಸು ತಪ್ಪುತ್ತದೆ ಅನ್ನೋ ಭಯಕ್ಕೆ ಏಳುತ್ತಿದ್ದವನು, ಎದುರಿಗೇ ಕಾಲೇಜು ಕಂಡ ಮೇಲೆ ಆರಾಮಾಗಿ ಮಗ್ಗಲು ಬದಲಿಸುತ್ತಿದ್ದೆ.

ದೂರದ ಹಾಸ್ಟೆಲ್ ಹಿಡಿಯಬೇಕಾಗಿ ಬಂದಿದ್ದರೆ ಮೊದಲು ಒಂದು ಕೆಲಸ ಮಾಡಿ. ದುಡ್ಡು ಕಟ್ಟುವ ಮುಂಚೆ, ಕಾಲೇಜು ಇರುವ ದಿನವೇ, ಮೊದಲ ಕ್ಲಾಸಿನ ಹೊತ್ತಿಗೆ ಸರಿಯಾಗಿ ಒಂದು ಸಲ ಹೋಗಿ ಬನ್ನಿ. ಫೋನಿನ ಮ್ಯಾಪ್ ರಾತ್ರಿ ಹೊತ್ತು ತೋರಿಸುವ ಹದಿನೈದು ನಿಮಿಷವನ್ನು ನಂಬಬೇಡಿ. ರೂಮಿನ ಬೀಗ ಹಾಕಿದಾಗ ಗಡಿಯಾರ ನೋಡಿ, ಕ್ಲಾಸಿನ ಬೆಂಚಿನ ಮೇಲೆ ಕೂತಾಗ ಮತ್ತೆ ನೋಡಿ. ನನ್ನ ಲೆಕ್ಕ ಹೀಗಿತ್ತು: ಸ್ಟಾಪಿಗೆ ಏಳು ನಿಮಿಷ, ಕಾಯೋದು ಹತ್ತು, ಬಸ್ಸಿನಲ್ಲಿ ಇಪ್ಪತ್ತು, ಗೇಟಿನಿಂದ ನಮ್ಮ ಡಿಪಾರ್ಟ್‌ಮೆಂಟಿಗೆ ಎಂಟು. ಒಟ್ಟು 45 ನಿಮಿಷ. ಹೋಗಿ ಬರೋದಕ್ಕೆ ಒಂದೂವರೆ ಗಂಟೆ. ವಾರಕ್ಕೆ ಐದು ದಿನ, ಸೆಮಿಸ್ಟರಿಗೆ 16 ವಾರ ಅಂತ ಹಿಡಿದರೆ 120 ಗಂಟೆ. ಅಂದರೆ ಐದು ಹಗಲು, ಐದು ರಾತ್ರಿ ದಾರಿಯಲ್ಲೇ ಕಳೆದ ಹಾಗಾಯಿತು!

ಹೋಗುವಾಗ ನೋಡಿದರೆ ಸಾಲದು, ಬರುವ ದಾರಿಯನ್ನೂ ನೋಡಿ. ಲೈಬ್ರರಿ ಮುಚ್ಚುವವರೆಗೆ ಕೂತು ಆಮೇಲೆ ಹಾಸ್ಟೆಲಿಗೆ ಹೊರಡಿ. ದಾರಿಯಲ್ಲಿ ದೀಪ ಇದೆಯಾ, ಸ್ಟಾಪಿನಲ್ಲಿ ನಾಲ್ಕು ಜನ ನಿಂತಿರುತ್ತಾರಾ ಅಂತ ಗೊತ್ತಾಗುತ್ತದೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಹಾಸ್ಟೆಲಿನ ಗೇಟು ಹಾಕೋದು ಎಷ್ಟು ಹೊತ್ತಿಗೆ, ಎರಡನ್ನೂ ಕೇಳಿಟ್ಟುಕೊಳ್ಳಿ. ಯಾವುದು ಮೊದಲೋ ಅದಕ್ಕೇ ನಿಮ್ಮ ದಿನ ಮುಗಿಯಿತು.

ಬಾಡಿಗೆ ಕಡಿಮೆ, ರೂಮು ದೊಡ್ಡದು ಅಂತಲೇ ಹೆಚ್ಚಿನವರು ದೂರ ಹೋಗೋದು. ಸರಿ. ಆದರೆ ಉಳಿಯುವ ದುಡ್ಡಿನಲ್ಲಿ ಬಸ್ ಪಾಸು, ಮಧ್ಯಾಹ್ನ ಹೊರಗೆ ತಿನ್ನೋದು, ತಿಂಗಳಿಗೆ ಒಂದೆರಡು ಸಲ ತಡವಾಗಿ ಕ್ಯಾಬ್ ಹಿಡಿಯೋದು, ಇಷ್ಟನ್ನೂ ಕಳೆಯಿರಿ. ನಾನು ಇದನ್ನು ಒಂದು ಚೀಟಿಯಲ್ಲಿ ಬರೆದು ನೋಡಿದ್ದು ಎರಡನೇ ವರ್ಷದಲ್ಲಿ. ಉಳಿಯುತ್ತಿದೆ ಅಂದುಕೊಂಡದ್ದರಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ.

ಇನ್ನು ಮರೆವಿನ ವಿಷಯ. ಮೊದಲ ವರ್ಷ ಒಂದು ದಿನ ಮಧ್ಯಾಹ್ನ ಎರಡಕ್ಕೆ ಲ್ಯಾಬ್ ರೆಕಾರ್ಡ್ ಕೊಡಬೇಕಿತ್ತು. ಹನ್ನೊಂದೂವರೆಗೆ ಬ್ಯಾಗ್ ತೆಗೆದರೆ ರೆಕಾರ್ಡ್ ಇಲ್ಲ. ಹಿಂದಿನ ರಾತ್ರಿ ಕೊನೆಯ ಗ್ರಾಫಿನ ಅಂಟು ಒಣಗಲಿ ಅಂತ ಕಿಟಕಿ ಹತ್ತಿರ ಬಿಡಿಸಿಟ್ಟಿದ್ದೆ, ಅಲ್ಲೇ ಉಳಿದುಬಿಟ್ಟಿತ್ತು. ಒಂದೂವರೆ ಗಂಟೆ ತಾನೇ, ಒಂದಕ್ಕೆಲ್ಲ ವಾಪಸ್ ಬರುತ್ತೇನೆ ಅಂತ ಹೊರಟೆ. ಮಧ್ಯಾಹ್ನದ ಹೊತ್ತು ಬಸ್ಸು ಬೆಳಗಿನಷ್ಟು ಇರೋದಿಲ್ಲ ಅನ್ನೋದು ಆವತ್ತು ತಿಳಿಯಿತು. ನಾನು ಬರುವಷ್ಟರಲ್ಲಿ ಎರಡು ಇಪ್ಪತ್ತು. ರೆಕಾರ್ಡುಗಳ ಕಟ್ಟು ಮೇಷ್ಟ್ರ ರೂಮಿಗೆ ಹೋಗಿಯಾಗಿತ್ತು, ನನಗೆ ಸಿಕ್ಕಿದ್ದು ಅರ್ಧ ಮಾರ್ಕ್ಸ್. ಅದೇ ವಾರ ಕ್ಯಾಂಪಸ್ಸಿನೊಳಗೇ ಇದ್ದ ಗೆಳೆಯನೂ ಇದೇ ತಪ್ಪು ಮಾಡಿದ. ಓಡಿಹೋಗಿ ಹತ್ತು ನಿಮಿಷದಲ್ಲಿ ತಂದ. ಮರೆತದ್ದೂ ಅವನಿಗೆ ಈಗ ನೆನಪಿಲ್ಲ.

ಆಮೇಲಿಂದ ಮಲಗುವ ಮುಂಚೆ ಬ್ಯಾಗ್ ತುಂಬಿ ಬಾಗಿಲ ಹತ್ತಿರ ಇಡುತ್ತಿದ್ದೆ. ಬ್ಯಾಗಿನಲ್ಲಿ ಹಿಡಿಸದ್ದನ್ನು, ಚಾರ್ಟೋ ರೆಕಾರ್ಡೋ, ಶೂ ಮೇಲೆ ಇಡುತ್ತಿದ್ದೆ. ಅದನ್ನು ಎತ್ತದೆ ಶೂ ಹಾಕಿಕೊಳ್ಳೋಕೆ ಆಗಲ್ಲವಲ್ಲ. ಎಲ್ಲವನ್ನೂ ದಿನಾ ಹೊತ್ತುಕೊಂಡು ಹೋಗೋದಕ್ಕೂ ಹೋಗಬೇಡಿ. ಬ್ಯಾಗಿನ ಭಾರ ನಿಮ್ಮ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರದಿದ್ದರೆ ಬೆನ್ನಿಗೆ ಒಳ್ಳೆಯದು. ಕಾಲೇಜಿನಲ್ಲಿ ಲಾಕರ್ ಸಿಗುತ್ತಾ ಕೇಳಿ. ಸಿಗದಿದ್ದರೆ ಹತ್ತಿರ ಇರುವ ಗೆಳೆಯನ ಕಪಾಟಿನಲ್ಲಿ ಒಂದು ಮೂಲೆ ಬೇಡಿ. ಲ್ಯಾಬ್ ಕೋಟು, ಕೊಡೆ, ಇನ್ನೊಂದು ಚಾರ್ಜರ್, ಎರಡು ಪೆನ್ನು ಅಲ್ಲಿದ್ದರೆ ಸಾಕು.

ಬಸ್ಸಿನಲ್ಲಿ ಓದಿಬಿಡುತ್ತೇನೆ ಅಂತ ಎಲ್ಲರೂ ಶುರುಮಾಡುತ್ತಾರೆ, ನಾನೂ ಮಾಡಿದೆ. ಮೂರನೇ ದಿನ ಹೊಟ್ಟೆ ತೊಳಸಿತು. ಕಿವಿಯ ಒಳಭಾಗಕ್ಕೆ ಬಸ್ಸಿನ ಅಲುಗಾಟ ಗೊತ್ತಾಗುತ್ತಿರುತ್ತದೆ, ಕಣ್ಣಿಗೆ ಮಾತ್ರ ಅಲುಗದ ಪುಟ ಕಾಣುತ್ತದೆ. ಎರಡೂ ತಾಳೆಯಾಗದೆ ತಲೆ ಸುತ್ತೋದು. ಅದಕ್ಕೆ ಕಿವಿಯಿಂದಲೇ ಓದುವುದನ್ನು ಕಲಿತೆ. ಫಾರ್ಮುಲಾ, ಡೆಫಿನಿಷನ್ನುಗಳನ್ನು ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿ, ಕಿಟಕಿ ನೋಡುತ್ತಾ ಕೇಳುತ್ತಿದ್ದೆ. ನಮ್ಮದೇ ದನಿ ಮೊದಲೆರಡು ದಿನ ಅಸಹ್ಯ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಸಂಜೆ ಬರುವಾಗ ಮಾತ್ರ ಏನೂ ಕೇಳುತ್ತಿರಲಿಲ್ಲ. ಸುಮ್ನೆ ಕೂರುತ್ತಿದ್ದೆ.

ಎರಡು ಕ್ಲಾಸುಗಳ ಮಧ್ಯೆ ಎರಡು ಗಂಟೆ ಖಾಲಿ ಇದ್ದರೆ ಹತ್ತಿರದವರು ರೂಮಿಗೆ ಹೋಗಿ ನಿದ್ದೆ ಹೊಡೆಯುತ್ತಾರೆ. ನಿಮಗೆ ಆ ಭಾಗ್ಯ ಇಲ್ಲ. ಲೈಬ್ರರಿಯಲ್ಲಿ ಪ್ಲಗ್ ಪಾಯಿಂಟ್ ಇರುವ ಒಂದು ಜಾಗ ಹುಡುಕಿ ಅದನ್ನೇ ನಿಮ್ಮದು ಮಾಡಿಕೊಳ್ಳಿ. ನನ್ನ ಅಸೈನ್‌ಮೆಂಟುಗಳೆಲ್ಲ ಬಹುಪಾಲು ಆ ಮೂಲೆಯಲ್ಲೇ ಮುಗಿದವು. ಸಂಜೆ ರೂಮು ಸೇರಿದರೆ ಕಾಲೇಜು ಅಲ್ಲಿಗೆ ಮುಗಿಯಿತು. ಯಾರೂ ಹನ್ನೊಂದು ಗಂಟೆಗೆ ಬಾಗಿಲು ಬಡಿಯಲ್ಲ, ಫೆಸ್ಟಿನ ಮೈಕಿನ ಗಲಾಟೆ ಕೇಳಲ್ಲ. ಕೊನೆಯ ವರ್ಷ ಗೇಟಿನ ಎದುರು ಬಂದ ಮೇಲೆ ನನಗೆ ತುಂಬಾ ನೆನಪಾದದ್ದು ಆ ಸದ್ದಿಲ್ಲದ ರಾತ್ರಿಗಳೇ.

ಪರೀಕ್ಷೆಯ ದಿನ ಒಂದು ಬಸ್ಸು ಮುಂಚಿತವಾಗಿ ಹೊರಡಿ. ಬಸ್ಸೇ ಇಲ್ಲದಿದ್ದರೆ ಏನು ಅನ್ನೋದನ್ನೂ ಯೋಚಿಸಿಡಿ. ಗಂಟೆಗೆ ಐದು ಕಿಲೋಮೀಟರ್ ನಡೆದರೆ ಆರು ಕಿಲೋಮೀಟರಿಗೆ 72 ನಿಮಿಷ ಬೇಕು. ಸೈಕಲ್ಲಿನಲ್ಲಿ ಗಂಟೆಗೆ ಹದಿನೈದರ ವೇಗದಲ್ಲಿ ಹೋದರೆ 24 ನಿಮಿಷ ಸಾಕು.

ಕಷ್ಟ ಇರೋದು ಸಂಜೆಯ ವಿಷಯದಲ್ಲಿ. ಗ್ರೂಪ್ ಪ್ರಾಜೆಕ್ಟಿನವರು ಊಟ ಆದ ಮೇಲೆ ಎಂಟೂವರೆಗೆ ಸೇರುತ್ತಾರೆ. ಆ ಹೊತ್ತಿಗೆ ನೀವು ಆರು ಕಿಲೋಮೀಟರ್ ಆಚೆ. ಮೊದಲ ದಿನವೇ ಬಾಯಿಬಿಟ್ಟು ಹೇಳಿ: ಐದೂವರೆಯೊಳಗೆ ಸೇರೋಣ, ಇಲ್ಲದಿದ್ದರೆ ಫೋನಿನಲ್ಲಿ ಸೇರಿಕೊಳ್ಳುತ್ತೇನೆ. ಹೇಳದೆ ಕೂತರೆ ಸೋಮಾರಿ ಅನ್ನೋ ಹೆಸರು ಬರುತ್ತದೆ, ನನಗೆ ಬಂದಿತ್ತು. ಗೆಳೆತನದ್ದೂ ಇದೇ ಕಥೆ. ರಾತ್ರಿಯ ಹರಟೆಯಲ್ಲಿ ಹುಟ್ಟಿದ ಜೋಕು ಬೆಳಿಗ್ಗೆ ನಿಮಗೆ ಅರ್ಥವಾಗಲ್ಲ. ಎರಡನೇ ವರ್ಷದಿಂದ ನಾನು ವಾರಕ್ಕೊಂದು ರಾತ್ರಿ ಕ್ಯಾಂಪಸ್ಸಿನ ಗೆಳೆಯನ ರೂಮಿನಲ್ಲಿ ಉಳಿಯೋಕೆ ಶುರುಮಾಡಿದೆ. ಎರಡೂ ಕಡೆಯ ವಾರ್ಡನ್‌ಗೆ ಮುಂಚೆಯೇ ಹೇಳಿಬಿಡಿ, ನಿಯಮ ಕೇಳಿಕೊಳ್ಳಿ. ಬ್ರಷ್ಷು, ಒಂದು ಜೊತೆ ಬಟ್ಟೆ ಅಲ್ಲೇ ಇಟ್ಟಿರಿ. ಹೊದಿಕೆ ಮಾತ್ರ ನಿಮ್ಮದೇ ಒಯ್ಯಿರಿ. ನಾನು ಒಯ್ಯದೆ, ನಡುರಾತ್ರಿ ಅವನ ಹೊದಿಕೆ ಎಳೆದುಕೊಂಡು ಎಷ್ಟು ಸಲ ಬೈಸಿಕೊಂಡಿದ್ದೇನೋ.