ನೇರಳೆ ಬಣ್ಣವನ್ನು ನಂಬಿ ಮೂರು ತಿಂಗಳು

ಡಾಕ್ಸೊರುಬಿಸಿನ್ ಅಂತ ಒಂದು ಕೆಂಪು ಔಷಧ ಇದೆ. ಸ್ತನ ಕ್ಯಾನ್ಸರ್, ಲಿಂಫೋಮಾ ಮುಂತಾದವಕ್ಕೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಕ್ಯಾನ್ಸರ್‌ಗೆ ಚೆನ್ನಾಗಿಯೇ ಏಟು ಕೊಡುತ್ತದೆ, ಜೊತೆಗೆ ಹೃದಯಕ್ಕೂ ಕೊಡುತ್ತದೆ. ಅದಕ್ಕೇ ಒಬ್ಬ ರೋಗಿಗೆ ಜೀವಮಾನದಲ್ಲಿ ಒಟ್ಟು ಇಷ್ಟೇ ಅಂತ ಮಿತಿ ಇದೆ. ಸಾಮಾನ್ಯವಾಗಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರ್‌ಗೆ 450ರಿಂದ 550 ಮಿಲಿಗ್ರಾಂ. ಕ್ಯಾನ್ಸರ್ ಗೆದ್ದವರು ಎಷ್ಟೋ ವರ್ಷಗಳ ಮೇಲೆ ಹೃದಯ ಸೋತು ಆಸ್ಪತ್ರೆಗೆ ಬರುವುದುಂಟು. ಹೃದಯವನ್ನು ಕಾಯುವುದಕ್ಕೆ ಡೆಕ್ಸ್‌ರಾಜೊಕ್ಸೇನ್ ಅಂತ ಒಂದು ಔಷಧ ಈಗಾಗಲೇ ಇದೆ, ಆದರೆ ಎಲ್ಲ ರೋಗಿಗಳಿಗೂ ಅದನ್ನು ಕೊಡುವುದಿಲ್ಲ. ಇನ್ನೊಂದು ಸಿಗುತ್ತದಾ ಅಂತ ಹುಡುಕುವುದೇ ನನ್ನ ಕೆಲಸ.

ಹುಡುಕಬೇಕಾದರೆ ಮೊದಲು ಹೃದಯದ ಕೋಶಗಳು ಬೇಕು. ಬದುಕಿರುವ ಮನುಷ್ಯನ ಹೃದಯದಿಂದ ದಿನಾ ಒಂದು ತುಂಡು ಕೇಳೋಕಾಗಲ್ಲ ಅಲ್ವಾ? ಶಿನ್ಯಾ ಯಮನಾಕಾ ಅವರ ತಂಡ 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನು, 2007ರಲ್ಲಿ ಮನುಷ್ಯರದನ್ನು, ಹಿಂದಕ್ಕೆ ತಿರುಗಿಸಿ ಕಾಂಡಕೋಶ, ಅಂದರೆ ಹೃದಯದ್ದೂ ಸೇರಿ ದೇಹದ ಯಾವ ಕೋಶ ಬೇಕಾದರೂ ಆಗಬಲ್ಲ ಕೋಶ, ಮಾಡಿ ತೋರಿಸಿತು. ನಮ್ಮಂಥವರಿಗೆ ದಾರಿ ಸಿಕ್ಕಿದ್ದು ಅಲ್ಲಿಂದ. ಆ ಕಾಂಡಕೋಶಗಳಿಗೆ ಮೊದಲ ದಿನ ಲ್ಯಾಬ್‌ನಲ್ಲಿ ನಾವು ‘ಚಿರ್’ ಅಂತ ಕರೆಯುವ ಒಂದು ರಾಸಾಯನಿಕ ಹಾಕುತ್ತೇವೆ. ಎರಡು-ಮೂರು ದಿನ ಬಿಟ್ಟು ಅದಕ್ಕೆ ಉಲ್ಟಾ ಕೆಲಸ ಮಾಡುವ ಇನ್ನೊಂದು. ಆಮೇಲೆ ಕಾಯುವುದು. ಕೇಳೋಕೆ ಸುಲಭ, ಆದರೆ ನನ್ನ ಮೊದಲ ಐದು ಬ್ಯಾಚ್ ಹಾಳಾದವು. ಕೋಶಗಳು ವಿರಳವಾಗಿದ್ದರೆ ಸಾಯುತ್ತವೆ, ಒತ್ತೊತ್ತಾಗಿದ್ದರೆ ಹೃದಯದ ಕೋಶ ಆಗುವುದೇ ಇಲ್ಲ. ಎಷ್ಟು ಒತ್ತಾಗಿರಬೇಕು ಅನ್ನುವುದಕ್ಕೆ ಪ್ರೋಟೋಕಾಲ್ ಓದಿದರೆ ಸಾಲದು, ಕಣ್ಣೇ ಕಲಿಯಬೇಕು.

ಆರನೇ ಬ್ಯಾಚು, ಹತ್ತನೇ ದಿನ. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದಾಗ ಮೇಜು ಅಲುಗಾಡುತ್ತಿದೆ ಅನಿಸಿತು. ಮೊಣಕೈ ತೆಗೆದೆ. ಆದರೂ ಡಿಶ್‌ನ ಒಂದು ಮೂಲೆ ಮಾತ್ರ ಮಿಡಿಯುತ್ತಲೇ ಇತ್ತು. ಹೊರಗಿನ ತಂಪಿಗೆ ಮಿಡಿತ ನಿಧಾನ ಆಗುತ್ತಾ ಬಂತು. ಗಾಬರಿಯಾಗಿ 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ವಾಪಸ್ ಇಟ್ಟೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಮತ್ತೆ ಮೊದಲಿನ ಹಾಗೇ ಬಡಿಯುತ್ತಿತ್ತು. ಅವತ್ತು ಬೇರೆ ಏನೂ ಕೆಲಸ ಮಾಡಲಿಲ್ಲ, ಸುಮ್ನೆ ಅದನ್ನೇ ನೋಡುತ್ತಾ ಕೂತಿದ್ದೆ.

ಮುಂದಿನದು ಔಷಧದ ಪರೀಕ್ಷೆ. 96 ಗುಳಿಗಳಿರುವ ಪ್ಲೇಟ್. ಕೆಲವು ಗುಳಿಗೆ ಡಾಕ್ಸೊರುಬಿಸಿನ್ ಮಾತ್ರ, ಕೆಲವಕ್ಕೆ ಅದರ ಜೊತೆಗೆ ನಾವು ಪರೀಕ್ಷಿಸುತ್ತಿದ್ದ ಸಸ್ಯಮೂಲದ ಒಂದು ಆಂಟಿಆಕ್ಸಿಡೆಂಟ್. ಎರಡು ದಿನದ ಮೇಲೆ ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕಬೇಕು. ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ನೇರಳೆ ಜಾಸ್ತಿ ಇದ್ದರೆ ಬದುಕಿರುವ ಕೋಶಗಳೂ ಜಾಸ್ತಿ ಅಂತ ಲೆಕ್ಕ. ಡಾಕ್ಸೊರುಬಿಸಿನ್ ಮಾತ್ರ ಹಾಕಿದ ಸಾಲು ಬಿಳಚಿಕೊಂಡಿತ್ತು. ನಮ್ಮ ವಸ್ತು ಸೇರಿಸಿದ ಸಾಲು ಗಾಢ ನೇರಳೆ. ಹಾಲು ಕುಡಿದಷ್ಟು ಸಂತೋಷ ಆಯಿತು. ಮೂರು ತಿಂಗಳಲ್ಲಿ ಎಷ್ಟು ಸಲ ಮಾಡಿದರೂ ಅದೇ ಫಲಿತಾಂಶ. ಗ್ರಾಫ್ ಬಿಡಿಸಿ ಮೀಟಿಂಗ್‌ನಲ್ಲಿ ತೋರಿಸಿದೆ.

ನಮ್ಮ ಮೇಡಂ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: “ಕೋಶ ಇಲ್ಲದ ಗುಳಿಗೆ ಇದನ್ನು ಹಾಕಿ ನೋಡಿದ್ದೀಯಾ?”

ನೋಡಿರಲಿಲ್ಲ. ಮಧ್ಯಾಹ್ನ ಖಾಲಿ ಪ್ಲೇಟ್‌ಗೆ ಬರೀ ಮೀಡಿಯಂ (ಕೋಶಗಳನ್ನು ಬೆಳೆಸುವ ದ್ರವ), ನಮ್ಮ ವಸ್ತು, ಎಂಟಿಟಿ ಹಾಕಿಟ್ಟೆ. ಮೂರು ಗಂಟೆ ಬಿಟ್ಟು ತೆಗೆದರೆ ನೇರಳೆ! ಒಂದೇ ಒಂದು ಕೋಶ ಇಲ್ಲದೆ. ಆಂಟಿಆಕ್ಸಿಡೆಂಟ್ ಅಂದರೆ ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತು. ಎಂಟಿಟಿ ನೇರಳೆ ಆಗುವುದಕ್ಕೆ ಬೇಕಾಗಿರುವುದೂ ಎಲೆಕ್ಟ್ರಾನೇ. ನನ್ನ ವಸ್ತು ಯಾವ ಹೃದಯವನ್ನೂ ಕಾಪಾಡಿರಲಿಲ್ಲ, ನೇರವಾಗಿ ಬಣ್ಣ ಬದಲಾಯಿಸಿತ್ತು ಅಷ್ಟೆ. ಈ ಮೋಸ ನನ್ನ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು, ಓದಿಕೊಂಡಿದ್ದರೆ ನನಗೂ ಗೊತ್ತಿರುತ್ತಿತ್ತು. ಮೂರು ತಿಂಗಳ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಆಮೇಲೆ ಸತ್ತ ಕೋಶಗಳನ್ನು ಕೆಂಪಾಗಿ ತೋರಿಸುವ ಹೊಳೆಯುವ ಬಣ್ಣಕ್ಕೆ ಬದಲಾಯಿಸಿದೆ. ಅಲ್ಲೂ ಎಡವಿದೆ. ಡಾಕ್ಸೊರುಬಿಸಿನ್ ತಾನೇ ಕೆಂಪಾಗಿ ಹೊಳೆಯುತ್ತದೆ, ಅದೂ ಕೋಶದ ನ್ಯೂಕ್ಲಿಯಸ್‌ನಲ್ಲೇ ಹೋಗಿ ಕೂತು. ಈ ಸಲ ಮಾತ್ರ ಹೋಲಿಕೆಗೆ ಅಂತ ಆ ಬಣ್ಣ ಹಾಕದ ಗುಳಿಗಳನ್ನೂ ಮೊದಲೇ ಇಟ್ಟಿದ್ದೆ, ಎರಡೇ ದಿನದಲ್ಲಿ ಗೊತ್ತಾಯಿತು. ಈಗ ಕೋಶಗಳಲ್ಲಿರುವ ಎಟಿಪಿ, ಅಂದರೆ ಬದುಕಿರುವ ಕೋಶ ಶಕ್ತಿಗೆ ಬಳಸುವ ಅಣು, ಎಷ್ಟಿದೆ ಅಂತ ಅಳೆಯುತ್ತೇನೆ, ಜೊತೆಗೆ ಮಿಡಿತದ ವಿಡಿಯೋ ತೆಗೆದು ಎಣಿಸುತ್ತೇನೆ. ಬದುಕಿದ್ದೂ ಬಡಿಯದ ಹೃದಯದ ಕೋಶ ಯಾರಿಗೆ ಬೇಕು?

ಇನ್ನೂ ಒಂದು ಪ್ಲೇಟ್ ಇದೆ, ನನಗೆ ಅದೇ ಮುಖ್ಯ. ಸ್ತನ ಕ್ಯಾನ್ಸರ್ ಕೋಶಗಳ ಪ್ಲೇಟ್. ಹೃದಯವನ್ನು ಕಾಯುವ ವಸ್ತು ಕ್ಯಾನ್ಸರನ್ನೂ ಕಾಯ್ದರೆ ರೋಗಿಗೆ ಏನು ಬಂತು? ಡಾಕ್ಸೊರುಬಿಸಿನ್ ಟೊಪೊಐಸೊಮರೇಸ್ 2 ಎಂಬ ಕಿಣ್ವವನ್ನು ಹಿಡಿದುಕೊಂಡು ಡಿಎನ್‌ಎ ಕತ್ತರಿಸಿ ಹೋಗುವಂತೆ ಮಾಡುತ್ತದೆ. ಬೆಳೆಯುವ ಕ್ಯಾನ್ಸರ್ ಕೋಶದಲ್ಲಿ ಅದರ ಆಲ್ಫಾ ರೂಪ ಜಾಸ್ತಿ, ಹೃದಯದ ಕೋಶದಲ್ಲಿ ಇರುವುದು ಬೀಟಾ. ಇಲಿಗಳ ಹೃದಯದಿಂದ ಬೀಟಾ ತೆಗೆದುಹಾಕಿದರೆ ಈ ಔಷಧದ ಹಾನಿ ತಪ್ಪುತ್ತದೆ ಅಂತ 2012ರಲ್ಲಿ ತೋರಿಸಿದ್ದಾರೆ. ನಮಗೆ ಆಸೆ ಇರುವುದು ಈ ವ್ಯತ್ಯಾಸದ ಮೇಲೆ. ನಮ್ಮ ಎರಡನೇ ವಸ್ತು ಹೃದಯದ ಕೋಶಗಳನ್ನು ನಿಜವಾಗಿಯೂ ಕಾಪಾಡಿತು. ಕ್ಯಾನ್ಸರ್ ಕೋಶಗಳನ್ನೂ ಅಷ್ಟೇ ಪ್ರೀತಿಯಿಂದ ಕಾಪಾಡಿತು. ಅವತ್ತೇ ಬಿಟ್ಟುಬಿಟ್ಟೆವು.

ಡಿಶ್‌ನಲ್ಲಿ ಗೆದ್ದರೂ ಹಿಗ್ಗುವಂತಿಲ್ಲ. ಈ ಕೋಶಗಳು ಎಳೆಯವು, ದೊಡ್ಡವರ ಹೃದಯಕ್ಕಿಂತ ಭ್ರೂಣದ ಹೃದಯಕ್ಕೇ ಹತ್ತಿರ. ಇಲಿ ಬಾಕಿ, ಮನುಷ್ಯರ ಪರೀಕ್ಷೆ ಬಾಕಿ. ರೋಗಿಗಳ ಕಡೆಯವರು “ಯಾವಾಗ ಬರುತ್ತೆ?” ಅಂತ ಕೇಳಿದಾಗ ವರ್ಷ ಹೇಳೋಕೆ ಬಾಯಿ ಬರಲ್ಲ.

ಮೂರನೇ ವಸ್ತುವಿನ ಎರಡೂ ಪ್ಲೇಟ್ ಈಗ ಇನ್‌ಕ್ಯುಬೇಟರ್‌ನಲ್ಲಿವೆ. ಯಾವ ಗುಳಿಯಲ್ಲಿ ಏನಿದೆ ಅನ್ನುವ ಚೀಟಿಯನ್ನು ಪಕ್ಕದ ಬೆಂಚಿನ ಹುಡುಗಿಗೆ ಕೊಟ್ಟಿದ್ದೇನೆ. ನಾಳೆ ಅಂಕಿಗಳೆಲ್ಲ ಬರೆದು ಮುಗಿಸುವ ತನಕ, ಎಷ್ಟು ಗೋಗರೆದರೂ ಅದನ್ನು ನನಗೆ ಕೊಡಬೇಡ ಅಂತ ಹೇಳಿದ್ದೇನೆ.