ಮೌಸ್ ಹಾಳಾಗಿರ್ಲಿಲ್ಲ, ಪಕ್ಕದ ಹಾರ್ಡ್‌ಡಿಸ್ಕಿನ ಉಪದ್ರ

ಯಕ್ಷಗಾನದ ವಿಡಿಯೋ ಮಾಡುದು ನನ್ನ ಹುಚ್ಚು. ಪತ್ತನಾಜೆ, ಅಂದ್ರೆ ಮೇಳದ ತಿರುಗಾಟ ಮುಗಿಯುವ ದಿನ, ಕಳಿದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ನಂಗೆ ಕೆಲಸ ಶುರು, ಆರು ತಿಂಗಳ ಆಟ ಎಲ್ಲ ಕಾರ್ಡಿಂದ ಹಾರ್ಡ್‌ಡಿಸ್ಕಿಗೆ ಹಾಕಿ ಉಡುಪಿ ಮಳೆಯಲ್ಲಿ ಮನೆಯೊಳಗೆ ಕೂತು ಎಡಿಟಿಂಗ್. ಲ್ಯಾಪ್‌ಟಾಪಿಗೆ ಇರುದು ಎರಡೇ ಪೋರ್ಟ್, ಒಂದು ಕೆಟ್ಟಿದೆ, ಹಾಗಾಗಿ ನಾಲ್ಕು ಪೋರ್ಟಿನ ಒಂದು ಸಣ್ಣ ಯುಎಸ್‌ಬಿ ಹಬ್ ತಂದು ಅದಕ್ಕೇ ಹಾರ್ಡ್‌ಡಿಸ್ಕ್, ಕಾರ್ಡ್ ರೀಡರ್, ಕೀಬೋರ್ಡ್, ವೈರ್‌ಲೆಸ್ ಮೌಸಿನ ಡಾಂಗಲ್ (ಮೌಸಿನ ಸಿಗ್ನಲ್ ಹಿಡಿಯುವ ಸಣ್ಣ ತುಂಡು) ಎಲ್ಲ ಚುಚ್ಚಿದೆ.

ಮತ್ತೆ ಮಂಡೆಬೆಚ್ಚ. ಕಾಪಿ ಅರ್ಧ ಆಗುವಾಗ ಟುಡುಂಗ್ ಅಂತ ಸೌಂಡ್ ಬರ್ತದೆ, ಡಿಸ್ಕ್ ಮಾಯ. ಇನ್ನೊಂದು ಕಡೆ ಮೌಸ್ ಕಪ್ಪೆ ಹಾಗೆ ಹಾರ್ತದೆ. ಬಸ್‌ಸ್ಟ್ಯಾಂಡ್ ಹತ್ರದ ಒಂದು ಅಂಗಡಿಯಲ್ಲಿ ಕೇಳಿದ್ರೆ "ಮೌಸ್ ಹೋಗಿದೆ ಮಾರ್ರೆ" ಅಂದ್ರು, ಹೊಸತು ತಂದೆ, ಅದೂ ಹಾರ್ತದೆ! ಡ್ರೈವರ್ ತೆಗ್ದು ಮತ್ತೆ ಹಾಕಿದೆ, ವಿಂಡೋಸ್ ಅಪ್‌ಡೇಟ್ ಮಾಡಿದೆ, ಎಂತ ಪ್ರಯೋಜನ ಇಲ್ಲ.

ಕೊನೆಗೆ ಎಲ್ಲ ಕಿತ್ತು ಡಿಸ್ಕನ್ನು ಮಾತ್ರ ಸೀದಾ ಲ್ಯಾಪ್‌ಟಾಪಿಗೆ ಹಾಕಿದೆ. ಒಂದು ಸಲವೂ ತುಂಡಾಗದೆ ಕಾಪಿ ಆಯ್ತು. ಅಲ್ಲಿಗೆ ಡಿಸ್ಕ್ ಸರಿ ಉಂಟು, ತಾಪತ್ರಯ ಹಬ್ಬಿನದ್ದು ಅಂತ ಗೊತ್ತಾಯ್ತು. ಲೆಕ್ಕ ಸುಲಭ: ಯುಎಸ್‌ಬಿ 3.0 ಪೋರ್ಟ್ 5 ವೋಲ್ಟಲ್ಲಿ ಕೊಡ್ಬೇಕಾದ್ದು 900 ಮಿಲಿಆಂಪ್, ಹಳೆ 2.0 ಆದ್ರೆ ಬರೀ 500. ಗೋಡೆ ಪ್ಲಗ್ಗಿಂದ ಕರೆಂಟ್ ತಕೊಳ್ಳುವ ಅಡಾಪ್ಟರ್ ಇಲ್ಲದ ಹಬ್ ಅಂದ್ರೆ ಆ ಒಂದೇ ಪೋರ್ಟಿನ ಕರೆಂಟನ್ನು ನಾಲ್ಕು ಜನಕ್ಕೆ ಹಂಚುದು, ಒಳಗೆ ತಟ್ಟೆ ತಿರುಗುವ ಡಿಸ್ಕ್ ಸ್ಟಾರ್ಟ್ ಆಗುವಾಗ ಒಬ್ಬನೇ ಹೆಚ್ಚುಕಡಿಮೆ ಅಷ್ಟೂ ಎಳೀತದೆ, ಮತ್ತೆ ಉಳಿದವಕ್ಕೆ ಎಲ್ಲಿಂದ? ಡಿಸ್ಕಿಂದ ಟಿಕ್ ಟಿಕ್ ಸೌಂಡ್ ಬರ್ತಿದ್ದದ್ದೂ ಅದಕ್ಕೇ, ನಾನು ಡಿಸ್ಕೇ ಹೋಯ್ತು, ಒಂದು ಸೀಸನಿನ ಆಟ ಎಲ್ಲ ಹೋಯ್ತು ಅಂತ ಹೆದರಿ ಸತ್ತಿದ್ದೆ. ಬೇರೆ ಅಡಾಪ್ಟರ್ ಇರುವ ಹಬ್ ತಂದೆ, ಡಿಸ್ಕ್ ಮಾಯ ಆಗುದು ನಿಂತಿತು. ಊಟಕ್ಕೆ ಎದ್ದು ಬಂದ್ರೆ ಮಾತ್ರ ಒಂದೊಂದು ಸಲ ಕಾಣುದಿಲ್ಲ, ಅದು ವಿಂಡೋಸ್ ಕರೆಂಟ್ ಉಳಿಸ್ಲಿಕ್ಕೆ ಪೋರ್ಟನ್ನು ಮಲಗಿಸುದು, ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ರೂಟ್ ಹಬ್, ಅದರ ಪವರ್ ಮ್ಯಾನೇಜ್‌ಮೆಂಟಲ್ಲಿ ಮೊದಲನೇ ಟಿಕ್ ತೆಗ್ದೆ, ಅದೂ ಸರಿ ಆಯ್ತು.

ಆದ್ರೆ ಮೌಸ್? ಅದು ಹಾರುದೇ. ಒಂದು ದಿನ ಕಾಪಿಗೆ ಹಾಕಿ ಚಾ ಕುಡ್ದು ಬಂದೆ, ಕಾಪಿ ಮುಗಿದಿತ್ತು, ಮೌಸ್ ಬೆಣ್ಣೆ ಹಾಗೆ ಓಡ್ತದೆ. ಮತ್ತೆ ಕಾಪಿ ಹಾಕಿದೆ, ಹಾರ್ಲಿಕ್ಕೆ ಶುರು. ಓ, ಹೀಗೋ ವಿಷಯ! ಯುಎಸ್‌ಬಿ 3.0ರಲ್ಲಿ ಡೇಟಾ ಓಡುವಾಗ ಕೇಬಲ್, ಕನೆಕ್ಟರಿಂದ ಹೊರಗೆ ಬರುವ ರೇಡಿಯೋ ಗಲಾಟೆ 2.4 ಗಿಗಾಹರ್ಟ್ಜ್ ಹತ್ರವೇ ಬೀಳ್ತದೆ, ಮೌಸ್ ಮಾತಾಡುದೂ ಅಲ್ಲಿಯೇ. ಇಂಟೆಲ್‌ನವರು 2012ರಲ್ಲೇ ಇದನ್ನು ಬರೆದಿಟ್ಟಿದ್ದಾರೆ, ಅಂಗಡಿಯವರಿಗೂ ನನಗೂ ಗೊತ್ತಿಲ್ಲ ಅಷ್ಟೆ. ಚೆಂಡೆಯ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ, ಡಾಂಗಲನ್ನು ಡಿಸ್ಕಿನ ಪಕ್ಕದ ಪೋರ್ಟಿಗೇ ಚುಚ್ಚಿದ್ದೆ ನಾನು.

ಡ್ರಾವರಲ್ಲಿ ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಬಿದ್ದಿತ್ತು. ಡಾಂಗಲನ್ನು ಅದಕ್ಕೆ ಹಾಕಿ ಮೌಸ್ ಪ್ಯಾಡಿನ ಎದುರು ತಂದಿಟ್ಟೆ, ಅಷ್ಟೇ, ಮತ್ತೆ ಹಾರ್ಲಿಲ್ಲ. ವೈಫೈ ನಿಧಾನ ಆಗ್ತಿದ್ದದ್ದೂ ಇದೇ ಕಾರಣಕ್ಕೆ ಇರ್ಬೇಕು, 5 ಗಿಗಾಹರ್ಟ್ಜ್‌ಗೆ ಬದಲಾಯಿಸಿದ ಮೇಲೆ ಸರಿ ಉಂಟು.

ಇನ್ನು ಉಳಿದದ್ದು ಕಾರ್ಡ್ ರೀಡರ್, ಅದರ ಪಿನ್ನಿಗೆ ಸಮುದ್ರದ ಗಾಳಿಗೆ ಹಸಿರು ಹಿಡಿದಿದೆ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರಸಿ ಒಣಗ್ಲಿಕ್ಕೆ ಇಟ್ಟಿದ್ದೇನೆ. ಸುಮ್ಮನೆ ತಂದ ಹೊಸ ಮೌಸನ್ನು ಮಗಳು ಆಗ್ಲೇ ತನ್ನದು ಮಾಡ್ಕೊಂಡಾಯ್ತು.