240 ಝೆಡ್ ಕಾರಿನ ಹಿಂಬಾಗಿಲು, ಒಳಗೆ ನುಗ್ಗುವ ಹೊಗೆ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹನ್ನೊಂದು ವರ್ಷಗಳಿಂದ ನನ್ನ ಬಳಿ ಇರುವ 1972ರ ಡಾಟ್ಸನ್ 240 ಝೆಡ್ ಕಾರಿನೊಳಗೆ ಈಗ ಸೈಲೆನ್ಸರ್ ಹೊಗೆಯ ವಾಸನೆ ಇಲ್ಲ. ಈ ಕಾರನ್ನು ಬಲ್ಲ ಗೆಳೆಯರು "ಝೆಡ್‌ಗೆ ಹೊಗೆ ಹುಟ್ಟಿನಿಂದಲೇ ಬಂದದ್ದು, ಹೊಂದಿಕೊಂಡು ಹೋಗಿ" ಎಂದೇ ಹೇಳುತ್ತಿದ್ದರು. ಅವರ ಮಾತನ್ನು ನಂಬಿ ನಾನು ನಾಲ್ಕು ವರ್ಷ ಕಳೆದುಕೊಂಡೆ.

ಮೊದಲ ತಪ್ಪು ಹಿಂಬಾಗಿಲಿನ ಅಂಚಿಗೆ ಹೊಸ ಬೀಡಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಪಟ್ಟಿ, ತರಿಸಿದ್ದು. ಸುಮಾರು 80 ಡಾಲರ್ ಕೊಟ್ಟು ತಂದ ಆ ರಬ್ಬರ್ ಮೂಲದ್ದಕ್ಕಿಂತ ದಪ್ಪವಾಗಿಯೂ ಗಟ್ಟಿಯಾಗಿಯೂ ಇದ್ದುದರಿಂದ ಬಾಗಿಲನ್ನು ಅಂಗೈಯಿಂದ ಗುದ್ದಿದರೆ ಮಾತ್ರ ಲಾಚ್ ಹಿಡಿಯುತ್ತಿತ್ತು. ಹಿಡಿದ ಮೇಲೂ ಎಡಗಡೆಯ ಕೆಳಮೂಲೆ ಬಾಡಿಗಿಂತ 5 ಮಿ.ಮೀ.ನಷ್ಟು ಹೊರಗೇ ನಿಲ್ಲುತ್ತಿತ್ತು. ಬೇರೊಂದು ಕಡೆಯಿಂದ ತರಿಸಿದ ಎರಡನೆಯದೂ ಹಾಗೆಯೇ ಆಯಿತು. ಬಾಡಿ ಕೆಲಸದ ಒಂದು ಅಂಗಡಿಯವರು ಬಾಗಿಲನ್ನೇ ಬಗ್ಗಿಸಿ ಕೂರಿಸಲು 900 ಡಾಲರ್ ಕೇಳಿದರು. ಐವತ್ತು ವರ್ಷ ಹಳೆಯ ತಗಡನ್ನು ಬಗ್ಗಿಸಲು ನನಗೆ ಮನಸ್ಸು ಒಪ್ಪಲಿಲ್ಲ.

ರಬ್ಬರನ್ನು ಪೂರ್ತಿ ಕಿತ್ತು ಹಾಕಿ, ಬರಿಯ ಬಾಗಿಲನ್ನೇ ಕೂರಿಸಿ ನೋಡಿದ ದಿನ ರೋಗದ ಮೂಲ ತಿಳಿಯಿತು. ಹಿಂದೆ ಯಾರೋ ಎಡ ಹಿಂಜ್‌ನ ಕೆಳಗೆ ಎರಡು ಹೆಚ್ಚುವರಿ ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ತುರುಕಿದ್ದರು. ಬಾಗಿಲು ಓರೆಯಾಗಿ ಕೂರುತ್ತಿತ್ತು, ದಪ್ಪ ರಬ್ಬರ್ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಬಿಚ್ಚದೆ ಹಿಂಜ್ ಮುಟ್ಟಬೇಡಿ; ಅದು ಒಂದು ಪಕ್ಕಕ್ಕೆ ತಳ್ಳುತ್ತಿರುವಾಗ ಮಾಡಿದ ಹೊಂದಾಣಿಕೆ ನಿಲ್ಲುವುದಿಲ್ಲ ಎಂಬುದನ್ನು ಎರಡು ಭಾನುವಾರಗಳನ್ನು ಹಾಳು ಮಾಡಿಕೊಂಡು ಕಲಿತೆ. ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿದರೆ ಬಾಗಿಲು ಜಾರುವುದಿಲ್ಲ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸುತ್ತಲೂ ಸಂದು ಸಮವಾದ ಮೇಲೆ ಲಾಚ್ ಸರಿಪಡಿಸಿ, ಕೊನೆಯಲ್ಲಿ ಬೇರೊಂದು ಕಂಪನಿಯ ಕಾರಿನ ಬಾಗಿಲಿಗೆ ಬರುವ, ಒಳಗೆ ಟೊಳ್ಳಾದ ಮೆತ್ತನೆಯ ಬೀಡಿಂಗ್ ಹಾಕಿದೆ. ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆಗೆದಾಗ ರಬ್ಬರಿನ ಮೇಲೆ ಎಲ್ಲಿಯೂ ತುಂಡಾಗದ ಬಿಳಿ ಗೆರೆ ಮೂಡಿತ್ತು. ಈಗ ಎರಡು ಬೆರಳಿನಿಂದ ಒತ್ತಿದರೆ ಸಾಕು.

ಆದರೂ ವಾಸನೆ ಅರ್ಧದಷ್ಟು ಉಳಿದೇ ಇತ್ತು. ನಿಂತ ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಬಲಬದಿಯ ಒಳಹೊದಿಕೆಯ ಹಿಂದಿರುವ, ಪೆಟ್ರೋಲ್ ಆವಿ ಹಿಡಿದಿಡುವ ಟ್ಯಾಂಕಿನ ಹೋಸ್‌ಗಳನ್ನು ನೋಡಬೇಕು. ನನ್ನದು ಹಾಗಲ್ಲ, ಓಡುವಾಗ ಮಾತ್ರ ಬರುವ ಸುಟ್ಟ ವಾಸನೆ. ಹಿಂಬಾಗಿಲ ಗಾಜಿಗೆ ಉಣ್ಣೆಯ ಎಳೆಗಳನ್ನು ಅಂಟಿಸಿ, ಅಕ್ಕನ ಮಗನಿಗೆ ಹಿಂದಿನ ಕಾರಿನಿಂದ ವಿಡಿಯೋ ತೆಗೆಯಲು ಹೇಳಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಕೆಳಗಿನ ಎಳೆಗಳು ಹಿಂದಕ್ಕೆ ಹಾರದೆ ಮೇಲಕ್ಕೂ ಮುಂದಕ್ಕೂ ಸುರುಳಿ ಸುತ್ತುತ್ತಿದ್ದವು. ಕಾರಿನ ಬೆನ್ನ ಹಿಂದಿನ ಕಡಿಮೆ ಒತ್ತಡದ ಜಾಗದಲ್ಲಿ ಸುತ್ತುವ ಹೊಗೆಗೆ ಸಣ್ಣ ತೂತು ಸಿಕ್ಕರೂ ಸಾಕು. ಪಕ್ಕದ ಕಿಟಕಿ ಇಳಿಸಿದರೆ ಕಾರು ಅದನ್ನು ಇನ್ನೂ ಜೋರಾಗಿ ಒಳಗೆ ಎಳೆದುಕೊಳ್ಳುತ್ತದೆ.

ತೂತು ಹುಡುಕಿಕೊಟ್ಟದ್ದು ದೇವರ ಮನೆಯ ಊದುಬತ್ತಿ. ಕಿಟಕಿ ಏರಿಸಿ, ಒಳಗಿನ ಗಾಳಿ ತೂತಿನಿಂದ ಹೊರನುಗ್ಗುವಂತೆ ಹೊರಗಿನ ಗಾಳಿ ತರುವ ಬ್ಲೋವರನ್ನು ಜೋರಾಗಿ ಇಟ್ಟು, ಹೊರಗಡೆಯಿಂದ ಊದುಬತ್ತಿಯನ್ನು ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದೆ. ನೇರವಾಗಿ ಏರುತ್ತಿದ್ದ ಹೊಗೆ ಬಲ ಟೈಲ್ ಲೈಟಿನ ಬಳಿ ಫಕ್ಕನೆ ಪಕ್ಕಕ್ಕೆ ಮುರಿಯಿತು. ದೀಪ ಬಿಚ್ಚಿದರೆ ಗ್ಯಾಸ್ಕೆಟ್ ಬೆರಳಿಗೆ ಕಾಫಿಪುಡಿಯಂತೆ ಉದುರಿತು. ಎರಡೂ ದೀಪಗಳಿಗೆ ಬ್ಯುಟೈಲ್ ಹಗ್ಗ (ಅಂಟುವ ಮೆತ್ತನೆಯ ರಬ್ಬರ್) ಸುತ್ತಿದೆ. ವೈರು ಹಾದುಹೋಗುವ ತೂತಿನ ರಬ್ಬರ್ ಬಳೆ (ಗ್ರಾಮೆಟ್), ಸ್ಟೆಪ್ನಿ ಗುಂಡಿಯ ತಳದ ಬಿರಡೆ ಎರಡನ್ನೂ ಬದಲಿಸಿದೆ.

ಇದರ ನಡುವೆ ಸೈಲೆನ್ಸರ್ ಕೊಳವೆಯನ್ನು ಮೂರು ಇಂಚು ಉದ್ದ ಮಾಡಿಯೂ ನೋಡಿದೆ. ಸ್ವಲ್ಪ ಗುಣ ಕಂಡಿತು, ಆದರೆ ಅದರಿಂದಲೇ ಕೆಲಸ ಮುಗಿಯಲಿಲ್ಲ. ಬಾಗಿಲು ಸರಿಯಾದ ಮೇಲೆ ಅದನ್ನು ತೆಗೆದರೂ ವ್ಯತ್ಯಾಸ ತಿಳಿಯಲಿಲ್ಲ. ಎರಡು ಕಾರ್ಬುರೇಟರ್‌ಗಳ ಮಿಶ್ರಣವನ್ನು ಸ್ವಲ್ಪ ತೆಳುವಾಗಿಸಿದ್ದು, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡಿದ್ದು, ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ವಾಸನೆಯನ್ನಷ್ಟೇ ನಂಬಬಾರದು, ಏಕೆಂದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸುಮಾರು 40 ಡಾಲರ್‌ಗೆ ಅದನ್ನು ಅಳೆಯುವ ಒಂದು ಮೀಟರ್ ಕೊಂಡು ಸೀಟಿನ ಪಕ್ಕ ಇಟ್ಟುಕೊಂಡಿದ್ದೆ. ಮೊದಲು ಹೆದ್ದಾರಿಯಲ್ಲಿ ಅದು 40 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 40 ಭಾಗ) ಆಸುಪಾಸು ತೋರಿಸುತ್ತಿತ್ತು. ಎಂಟು ಗಂಟೆಯ ಕೆಲಸದ ದಿನಕ್ಕೆ ಕೆಲಸಗಾರರ ಆರೋಗ್ಯ, ಸುರಕ್ಷತೆಯ ಬಗ್ಗೆ ಸಂಶೋಧಿಸುವ ಇಲ್ಲಿನ ಸರ್ಕಾರಿ ಸಂಸ್ಥೆ ನಿಯೋಶ್ ಶಿಫಾರಸು ಮಾಡಿರುವ ಸರಾಸರಿ ಮಿತಿಯೇ 35. ಈಗ ಕಡಲತೀರದ ಊರಾದ ಸಾಂತಾ ಕ್ರೂಜ್‌ವರೆಗೆ ಹೋಗಿ ಬಂದರೂ ಸೊನ್ನೆ, ಹೆಚ್ಚೆಂದರೆ ಎರಡು. ವ್ಯರ್ಥವಾದ ಎರಡು ಬೀಡಿಂಗ್‌ಗಳನ್ನು ಬಿಟ್ಟರೆ, ಮೀಟರ್ ಸೇರಿ ಒಟ್ಟು 130 ಡಾಲರ್ ಆಗಿರಬಹುದು. ಮನೆಗೆ ಬಂದ ಕೂಡಲೇ ಅಂಗಿ ಬದಲಿಸಿ ಬನ್ನಿ ಎನ್ನುತ್ತಿದ್ದ ಹೆಂಡತಿ, ಕಳೆದ ತಿಂಗಳು ಮೊದಲ ಬಾರಿಗೆ ನನ್ನೊಡನೆ ಆ ಕಾರಿನಲ್ಲಿ ಕಡಲತೀರಕ್ಕೆ ಬಂದಳು.